ಹೊರಸೂಸುವಿಕೆ: ಅಂದಾಜು ಒಂದು, ಲೆಕ್ಕ ಇನ್ನೊಂದು

ವಿಜಯಪುರ: ಭಾರತದ ಹಸಿರುಮನೆ ಅನಿಲಗಳ ಹೊರಸೂಸುವಿಕೆ 2031ರ ವೇಳೆಗೆ 400ರಿಂದ 730 ಕೋಟಿ ಟನ್ ತಲುಪಲಿದೆ ಎಂದು ಕೇಂದ್ರ ಪರಿಸರ ಸಚಿವಾಲಯ 2009ರಲ್ಲಿ ಪ್ರಕಟಿಸಿದ ಐದು ಅಧ್ಯಯನಗಳು ಅಂದಾಜಿಸಿದ್ದವು. ಆನಂತರದ ಲೆಕ್ಕಪಟ್ಟಿಗಳು ಏನು ಹೇಳುತ್ತವೆ?

ಅರಣ್ಯ ಹೀರಿಕೊಂಡದ್ದನ್ನು ಕಳೆಯದೆ ನೋಡಿದರೆ, 2007ರಲ್ಲಿ 190 ಕೋಟಿ ಟನ್ ಇದ್ದ ಹೊರಸೂಸುವಿಕೆ 2019ರಲ್ಲಿ 313 ಕೋಟಿಗೇರಿತು. 2020ರಲ್ಲಿ 296 ಕೋಟಿಗೆ ಇಳಿದದ್ದು ನಿಜ. ಆದರೆ ಅದು ಕೋವಿಡ್ ವರ್ಷ; ಅದನ್ನು ಸಾಧನೆಯೆಂದು ಪರಿಗಣಿಸಲಾಗದು. ಲೆಕ್ಕದ ವಿಧಾನ ಬದಲಾಗಿರುವುದನ್ನು ಗಮನದಲ್ಲಿಟ್ಟುಕೊಂಡೇ ಹೇಳುವುದಾದರೆ, 2007-2019ರ ವೇಗವೇ ಮುಂದುವರಿದಲ್ಲಿ 2031ಕ್ಕೆ ಸುಮಾರು 515 ಕೋಟಿ ಟನ್ ಆಗುತ್ತದೆ. ಅದು ಅಂದಾಜಿನ ಮಿತಿಯೊಳಗಿದ್ದರೂ ಕನಿಷ್ಠ ಮಟ್ಟಕ್ಕಿಂತ ಬಹಳ ಮೇಲೆ.

2020ರ ಲೆಕ್ಕದಲ್ಲಿ ಇಂಧನ ವಲಯದ ಪಾಲು ಶೇ 75.66, ಕೃಷಿಯದು ಶೇ 13.72. ಇವೆರಡರ ನಂಟು ಈ ಜಿಲ್ಲೆಯಲ್ಲಿಯೇ ಕಾಣುತ್ತದೆ. ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ತಿಕೋಟಾ, ಬಬಲೇಶ್ವರ ಭಾಗದ ಹೊಲಗಳಿಗೆ, ದ್ರಾಕ್ಷಿ ತೋಟಗಳಿಗೆ ಕೃಷ್ಣೆಯ ನೀರು ಏರಬೇಕಾದರೆ ವಿದ್ಯುತ್ ಬೇಕು. ಮಳೆ ಕೈಕೊಟ್ಟಷ್ಟೂ ಪಂಪುಗಳ ಮೇಲಿನ ಅವಲಂಬನೆ ಹೆಚ್ಚು.

2005ರಿಂದ 2020ರವರೆಗೆ ಹೊರಸೂಸುವಿಕೆಯ ತೀವ್ರತೆ ಶೇ 36ರಷ್ಟು ಇಳಿದಿದೆ. 2030ರ ಗುರಿ ಶೇ 45. ಇದು ಉತ್ಪನ್ನದ ಪ್ರತಿ ರೂಪಾಯಿಗೆ ಹಾಕಿದ ಲೆಕ್ಕವೇ ಹೊರತು ಒಟ್ಟು ಪ್ರಮಾಣದ್ದಲ್ಲ. ಗುರಿ ಮುಟ್ಟಿಯೂ ಹೊಗೆ ಹೆಚ್ಚಬಹುದು. ಬರದ ನಾಡಿನ ರೈತನನ್ನು ತಟ್ಟುವುದು ಆ ಒಟ್ಟು ಲೆಕ್ಕವೇ.