ಅಂಕ ಬೇರೆ, ನಡತೆ ಬೇರೆ

ಮೂವತ್ತು ವರ್ಷದಿಂದ ಮಕ್ಕಳ ಪ್ರಗತಿಪತ್ರ ತುಂಬುತ್ತಾ ಬಂದವಳು ನಾನು. ಅದರಲ್ಲಿ ಅಂಕಕ್ಕೆ ಒಂದು ಮನೆ, ನಡತೆಗೆ ಇನ್ನೊಂದು ಮನೆ. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗ ಪಕ್ಕದವನ ಬುತ್ತಿ ಕದ್ದು ತಿಂದರೆ ನಡತೆಯ ಮನೆಯಲ್ಲಿ ‘ಉತ್ತಮ’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಹಾಗೆಂದು ಅವನ ಗಣಿತದಲ್ಲಿ ಐದು ಅಂಕ ಕಳೆಯಲೂ ನನಗೆ ಹಕ್ಕಿಲ್ಲ. ಇಷ್ಟು ಸರಳವಾದ ಲೆಕ್ಕ ದೊಡ್ಡ ದೊಡ್ಡ ಸಿನಿಮಾದವರಿಗೆ ಯಾಕೆ ತಿಳಿಯುವುದಿಲ್ಲವೋ!

ಹೋದ ರಜೆಯಲ್ಲಿ ಮಗಳು ಕೂರಿಸಿಕೊಂಡು ‘ಅಮೆಡಿಯಸ್’ ಚಿತ್ರ ತೋರಿಸಿದಳು. ಪೀಟರ್ ಶಾಫರ್ 1979ರಲ್ಲಿ ರಂಗಕ್ಕೆ ತಂದ ನಾಟಕವನ್ನು ಮಿಲೋಶ್ ಫೋರ್ಮನ್ 1984ರಲ್ಲಿ ಚಿತ್ರ ಮಾಡಿದ್ದು. ಎಂಟು ಆಸ್ಕರ್ ಬಂತು. ವಿಯೆನ್ನಾದ ಆಸ್ಥಾನ ಸಂಗೀತಗಾರ ಸಾಲಿಯೇರಿ ಮುದುಕನಾಗಿ ಹುಚ್ಚಾಸ್ಪತ್ರೆಯಲ್ಲಿ ಕೂತು ಪಾದ್ರಿಯ ಮುಂದೆ ಹೇಳಿಕೊಳ್ಳುವ ಕಥೆ. ಮೊಜಾರ್ಟ್ ಎಂಬ ಪೋಲಿ ಹುಡುಗ, ಕೀರಲು ನಗೆ, ಬಾಯಿ ತೆರೆದರೆ ಅಸಭ್ಯ ಮಾತು. ಅಂಥವನ ಕೈಯಲ್ಲಿ ದೇವರು ಸಂಗೀತವನ್ನಿಟ್ಟನಲ್ಲ ಎಂದು ಸಾಲಿಯೇರಿಗೆ ಹೊಟ್ಟೆಉರಿ. ಚಿತ್ರ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಮುಗಿದ ಮೇಲೆ ಮಗಳು ಅಂದಳು: “ಅಷ್ಟು ದೊಡ್ಡ ಪ್ರತಿಭೆ ಅಂದ್ಮೇಲೆ ಸ್ವಲ್ಪ ಹುಚ್ಚಾಟ ಇದ್ದೇ ಇರುತ್ತೆ ಬಿಡಮ್ಮ.”

ಆ ಮಾತು ನನ್ನನ್ನು ಚುಚ್ಚಿತು. ಅದನ್ನು ನಾನು ಮೊದಲು ಕೇಳಿದ್ದು ಹತ್ತನೇ ವಯಸ್ಸಿನಲ್ಲಿ. ಅಣ್ಣನೂ ನಾನೂ ಒಂದೇ ಚಾಪೆಯ ಮೇಲೆ ಕೂತು ಪಿಟೀಲು ಕಲಿಯುತ್ತಿದ್ದೆವು. ಮೇಷ್ಟರು ಕಮಾನು ಹಿಡಿದರೆ ಬೀದಿಯೇ ನಿಂತು ಕೇಳುತ್ತಿತ್ತು. ಅವರು ರಾತ್ರಿ ಕುಡಿದು ಬಂದು ಹೆಂಡತಿಗೆ ಹೊಡೆಯುವುದೂ ಬೀದಿಗೆಲ್ಲ ಕೇಳುತ್ತಿತ್ತು. ಬೆಳಿಗ್ಗೆ ಆಕೆ ಬಾಸುಂಡೆ ಬಂದ ಕೈಯಿಂದಲೇ ನಮಗೆ ನೀರು ತಂದುಕೊಡುವರು. “ಕರೆಯುವ ಹಸು ಒದ್ದರೂ ತಾಳಬೇಕು” ಎನ್ನುತ್ತಿದ್ದರು ಹಿರಿಯರು. ಹಾಲು ಕುಡಿಯುವವರು ಬೇರೆ, ಒದೆ ತಿನ್ನುವವಳು ಬೇರೆ ಎಂದು ಯಾರೂ ಹೇಳಲಿಲ್ಲ.

ಮೊಜಾರ್ಟ್‌ನಲ್ಲಿ ದೋಷ ತೋರಿಸಿದ್ದಕ್ಕೆ ನನ್ನ ತಕರಾರಿಲ್ಲ. ಅವನು ಸೋದರ ಸಂಬಂಧಿ ಹುಡುಗಿಗೆ ಬರೆದ ಕಾಗದಗಳಲ್ಲಿ ಕೊಳಕು ತಮಾಷೆ ತುಂಬಿದೆ, ಅದು ನಿಜವೇ. ನನ್ನ ತಕರಾರು, ಆ ದೋಷವನ್ನೇ ಪ್ರತಿಭೆಯ ಹಣೆಯ ಕುಂಕುಮ ಮಾಡಿ ತೋರಿಸುವುದರ ಬಗ್ಗೆ. ಚಿತ್ರದಲ್ಲಿ ಅವನ ಹಸ್ತಪ್ರತಿಗಳಲ್ಲಿ ಒಂದು ತಿದ್ದುಪಡಿಯೂ ಇಲ್ಲ. ದೇವರು ಹೇಳಿದ, ಇವನು ಬರೆದ! ನಿಜದಲ್ಲಿ ಅವನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಕರಡುಗಳು ಉಳಿದಿವೆ. ಹೈಡನ್‌ಗೆ 1785ರಲ್ಲಿ ಅರ್ಪಿಸಿದ ಆರು ಕೃತಿಗಳಿಗೆ ಎರಡು ವರ್ಷಕ್ಕೂ ಮಿಕ್ಕಿ ಹಿಡಿದಿತ್ತು. ಅವು ದೀರ್ಘ ಪರಿಶ್ರಮದ ಫಲವೆಂದು ಅರ್ಪಣೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅಪ್ಪ ಲಿಯೋಪೋಲ್ಡ್ ಪಿಟೀಲು ಕಲಿಕೆಯ ಪುಸ್ತಕವನ್ನೇ ಬರೆದ ಮೇಷ್ಟರು. ಮಗ ಹುಟ್ಟಿದ 1756ರಲ್ಲೇ ಅದು ಅಚ್ಚಾಯಿತು. ಅಂಥ ಮನೆಯ ಸಾಧನೆಯನ್ನು ಅಳಿಸಿ ಹುಚ್ಚಾಟವನ್ನು ಮೆರೆಸಿದರೆ ಓದುವ ಮಕ್ಕಳು ಏನು ಕಲಿತಾರು? ಅಭ್ಯಾಸ ಬೇಡ, ಪೋಲಿತನ ಸಾಕು ಎಂದೇ?

ಸಾಲಿಯೇರಿಗೆ ಆದದ್ದು ಇದಕ್ಕೆ ತಿರುಗುಮುರುಗು. ಮೊಜಾರ್ಟ್‌ನ ಅಂಕ ನೋಡಿ ನಡತೆಗೆ ಮಾಫಿ. ಸಾಲಿಯೇರಿಗೆ ಇಲ್ಲದ ನಡತೆ ಅಂಟಿಸಿ ಅಂಕಕ್ಕೇ ಕತ್ತರಿ. ವಿಷ ಹಾಕಿದನೆಂಬ ಗಾಳಿಮಾತನ್ನು ಪುಷ್ಕಿನ್ 1830ರಲ್ಲೇ ನಾಟಕ ಮಾಡಿದ್ದ; ಚಿತ್ರ ಅದೇ ಜಾಡು ಹಿಡಿಯಿತು. ಬೀಥೋವನ್, ಶೂಬರ್ಟ್, ಲಿಸ್ಟ್ ಈ ಮೂವರಿಗೂ ಪಾಠ ಹೇಳಿದವನು ಸಾಲಿಯೇರಿ. ಮೊಜಾರ್ಟ್ ತೀರಿಕೊಂಡ ಮೇಲೆ ಅವನ ಕಿರಿಯ ಮಗನೂ ಇವನ ಶಿಷ್ಯನಾದ. ಹೊಟ್ಟೆಉರಿಯವನ ಹತ್ತಿರ ತಾಯಿಯಾದವಳು ಮಗನನ್ನು ಕಳಿಸುತ್ತಾಳೆಯೇ? 1791ರ ಅಕ್ಟೋಬರ್‌ನಲ್ಲಿ, ಸಾಯುವುದಕ್ಕೆ ಎರಡು ತಿಂಗಳ ಮುಂಚೆ, ತನ್ನ ನಾಟಕಕ್ಕೆ ಸಾಲಿಯೇರಿಯನ್ನು ಕರೆದುಕೊಂಡು ಹೋಗಿದ್ದನ್ನೂ ಅವನು ಮನಸಾರೆ ಮೆಚ್ಚಿದ್ದನ್ನೂ ಮೊಜಾರ್ಟ್ ಹೆಂಡತಿಗೆ ಸಂಭ್ರಮದಿಂದ ಬರೆದಿದ್ದಾನೆ. ಚಿತ್ರದ ಸಾಲಿಯೇರಿ ದೇವರಿಗೆ ಬ್ರಹ್ಮಚರ್ಯದ ಮಾತು ಕೊಟ್ಟವನು. ನಿಜದ ಸಾಲಿಯೇರಿ ಎಂಟು ಮಕ್ಕಳ ತಂದೆ! ಮೇಷ್ಟರ ಕಸುಬಿನವಳಾದ ನನಗೆ ಇದು ಹೆಚ್ಚು ನೋಯುತ್ತದೆ.

“ಸಿನಿಮಾ ಕಲ್ಪನೆ ತಾನೆ, ಚರಿತ್ರೆಯ ಪಾಠವಲ್ಲ” ಎನ್ನುವವರಿದ್ದಾರೆ. ಒಪ್ಪಿದೆ. ಆದರೆ ಕಲ್ಪಿಸಿಕೊಳ್ಳುವವರಿಗೆ ಇನ್ನೊಂದು ಜೀವ ಕಣ್ಣಿಗೆ ಬೀಳಲಿಲ್ಲವಲ್ಲ! ಮೊಜಾರ್ಟ್‌ಗೆ ಒಬ್ಬ ಅಕ್ಕ ಇದ್ದಳು, ಮರಿಯಾ ಅನ್ನಾ. ಮನೆಯಲ್ಲಿ ಕರೆಯುತ್ತಿದ್ದುದು ನ್ಯಾನರ್ಲ್. ಅವನಿಗಿಂತ ಸುಮಾರು ನಾಲ್ಕೂವರೆ ವರ್ಷ ದೊಡ್ಡವಳು. 1763ರಿಂದ ಮೂರು ವರ್ಷ ಅಕ್ಕ ತಮ್ಮ ಇಬ್ಬರೂ ಪ್ಯಾರಿಸ್, ಲಂಡನ್ ಎಂದು ಯೂರೋಪೆಲ್ಲ ಸುತ್ತಿ ನುಡಿಸಿದರು. ಜನ ಇಬ್ಬರನ್ನೂ ಕೊಂಡಾಡಿದರು. 1769ರಲ್ಲಿ ಅಪ್ಪ ಇಟಲಿಗೆ ಹೊರಟಾಗ ಮಗನನ್ನು ಮಾತ್ರ ಕರೆದುಕೊಂಡು ಹೋದ. ಮಗಳು ಹದಿನೆಂಟರವಳು, ಮದುವೆಗೆ ಬಂದವಳು. ಇಟಲಿಯಿಂದ ತಮ್ಮ ಅವಳ ಒಂದು ರಚನೆಯನ್ನು ಮೆಚ್ಚಿ ಕಾಗದ ಬರೆದ. ಇಂದು ಅವಳ ಒಂದು ರಚನೆಯೂ ಉಳಿದಿಲ್ಲ. ಮುಂದೆ ಮಕ್ಕಳಿದ್ದ ವಿಧುರನ ಕೈ ಹಿಡಿದಳು. ಗಂಡ ತೀರಿಕೊಂಡ ಮೇಲೆ ಸಾಲ್ಜ್‌ಬರ್ಗ್‌ಗೆ ಮರಳಿ ಪಿಯಾನೋ ಪಾಠ ಹೇಳಿಕೊಂಡು 1829ರವರೆಗೆ ಬಾಳಿದಳು. ಚಿತ್ರದಲ್ಲಿ ಅಪ್ಪನ ಕರಿ ನೆರಳು ಉದ್ದಕ್ಕೂ ಚಾಚಿದೆ. ಅಕ್ಕನ ಕಥೆಗೆ ಮಾತ್ರ ಜಾಗವಿಲ್ಲ.

ಇವಳಿಗೆ ಯಾವ ಹುಚ್ಚಾಟವೂ ಇರಲಿಲ್ಲ. ಇದ್ದಿದ್ದರೆ ಯಾರು ತಾಳುತ್ತಿದ್ದರು? ತಡವಾಗಿ ಮನೆಗೆ ಬಂದು, ಸಾಲ ಮಾಡಿ, ಕಂಡವರ ಮುಂದೆ ಪೋಲಿ ಮಾತಾಡಿದ್ದರೆ ‘ಪ್ರತಿಭೆ ಅಂದ್ಮೇಲೆ ಹಾಗೇ’ ಎನ್ನುತ್ತಿದ್ದರೆ? ಗಂಡಿನ ಪ್ರತಿಭೆ ಅವನ ನಡತೆಯನ್ನು ಮುಚ್ಚುತ್ತದೆ. ಹೆಣ್ಣಿನ ನಡತೆ ಕೆಡಬಾರದೆಂದು ಅವಳ ಪ್ರತಿಭೆಯನ್ನೇ ಮುಚ್ಚಿಡುತ್ತಾರೆ. ನಾನು ದೊಡ್ಡವಳಾದ ವರ್ಷ ಮನೆಯಲ್ಲಿ ನನ್ನ ಪಿಟೀಲು ಪಾಠ ನಿಲ್ಲಿಸಿದರು. “ಆ ಮೇಷ್ಟರ ಮನೆಗೆ ಬೆಳೆದ ಹುಡುಗೀನ ಹ್ಯಾಗೆ ಕಳಿಸೋದು” ಎಂದರು ಅಮ್ಮ. ಅಣ್ಣ ಹೋಗುತ್ತಲೇ ಇದ್ದ. ಕುಡಿದವರು ಮೇಷ್ಟರು, ಪಾಠ ತಪ್ಪಿದ್ದು ನನಗೆ.

ಹಾಗೆಂದು ಮೇಷ್ಟರ ಅಂಕವನ್ನು ನಾನು ಇವತ್ತಿಗೂ ಕಳೆದಿಲ್ಲ. ಶ್ರುತಿ ಎಂದರೇನೆಂದು ನನ್ನ ಕಿವಿಗೆ ಕಲಿಸಿದವರು ಅವರೇ. ಆದರೆ ಆ ಬಾಸುಂಡೆಯ ಕೈಯನ್ನೂ ನಾನು ಮರೆತಿಲ್ಲ. ಎರಡನ್ನೂ ಬೇರೆ ಬೇರೆ ಮನೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಇನ್ನು ಮುಂದೆ ಸಂಗೀತಗಾರರ ಚಿತ್ರ ಮಾಡುವವರೂ ಹಾಗೆಯೇ ಮಾಡಲಿ. ಅವನ ಸಾಧನೆಗೆ ಸಲ್ಲುವ ಪೂರ್ತಿ ಅಂಕ ಕೊಡಲಿ, ಕೆಟ್ಟ ನಡತೆಯನ್ನು ಇದ್ದಂತೆ ಬರೆಯಲಿ, ಆ ನಡತೆಯ ಬೆಲೆ ತೆತ್ತವಳು ಯಾರೆಂದೂ ತೋರಿಸಲಿ. ನಾನು ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮಗಳು ಸುಮ್ಮನಾಗಿದ್ದಳು. ಆಮೇಲೆ ಕೇಳಿದಳು: “ನಿನ್ನ ಪಿಟೀಲು ಏನಾಯ್ತಮ್ಮ?” ಅಣ್ಣನ ಮನೆಯ ಅಟ್ಟದಲ್ಲಿದೆ ಎಂದೆ.