ಕಡಲಿನ ಲೆಕ್ಕವನ್ನು ಮಕ್ಕಳೇ ಮಾಡಲಿ

ಸಮುದ್ರದ ಮಟ್ಟ ಏರುತ್ತಿದೆ, ಅದರ ನೀರು ಬಿಸಿಯಾಗುತ್ತಿದೆ, ಆಮ್ಲತೆ ಹೆಚ್ಚುತ್ತಿದೆ ಎಂಬ ವಾಕ್ಯಗಳನ್ನು ನಮ್ಮ ಮಕ್ಕಳು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಏರಿದುದು ಎಷ್ಟು, ಅಳೆದವರು ಯಾರು, ಅಳೆದುದು ಹೇಗೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಇದು ವಿಜ್ಞಾನದ ಕಲಿಕೆಯಲ್ಲ. ಹೇಳಿದುದನ್ನು ನಂಬುವ ಅಭ್ಯಾಸ ಮಾತ್ರ. ಹಾಗೆ ನಂಬಿದವನು, ನಾಳೆ ಮತ್ತೊಬ್ಬರು ಅದನ್ನು ಗಟ್ಟಿಯಾಗಿ ಅಲ್ಲಗಳೆದರೆ, ಅಷ್ಟೇ ಸುಲಭವಾಗಿ ಬಿಟ್ಟುಕೊಡುತ್ತಾನೆ.

ಇದಕ್ಕೆ ಪರಿಹಾರವು ದೂರದಲ್ಲಿಲ್ಲ. ಮುಂಬಯಿಯ ಅಪೊಲೊ ಬಂದರಿನ ಸಮುದ್ರಮಟ್ಟದ ದಾಖಲೆ 1878ರಿಂದ ಆರಂಭವಾಗುತ್ತದೆ. 1933ರಲ್ಲಿ ಸ್ಥಾಪಿತವಾದ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿರುವ ಸಂಸ್ಥೆಯೊಂದು ಇದನ್ನೂ ಪ್ರಪಂಚದ ಇತರ ಬಂದರುಗಳ ಅಳತೆಗಳನ್ನೂ ಕಲೆಹಾಕಿ, ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಇರಿಸಿದೆ. ವರ್ಷಕ್ಕೊಂದರಂತೆ ಸರಾಸರಿ ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸುವುದಕ್ಕೆ ಬೆಲೆಬಾಳುವ ಉಪಕರಣಗಳೇನೂ ಬೇಕಿಲ್ಲ.

ಮೊದಲು ಕಾಣುವುದು ಗೊಂದಲವೇ. ಒಂದು ವರ್ಷ ಬಿಂದು ಮೇಲೆ, ಮರುವರ್ಷ ಕೆಳಗೆ. ಕೆಲವೇ ವರ್ಷಗಳ ತುಣುಕನ್ನು ಆರಿಸಿಕೊಂಡ ವಿದ್ಯಾರ್ಥಿ ಕಡಲು ಇಳಿಯುತ್ತಿದೆ ಎಂದು ವಾದಿಸಬಹುದು. ವಾದಿಸಲಿ! ಇಡೀ ದಾಖಲೆಯನ್ನು ಗುರುತಿಸಿದಾಗ ಮಾತ್ರ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಷ್ಟು ನಿಧಾನವಾದ ಏರಿಕೆ ಗೋಚರವಾಗುವುದು. 1993ರಿಂದ ಉಪಗ್ರಹಗಳು ಅಳೆದಿರುವ ಜಾಗತಿಕ ಏರಿಕೆಯಾದರೋ ವರ್ಷಕ್ಕೆ 3 ಮಿಲಿಮೀಟರಿಗೂ ಹೆಚ್ಚು. ಈ ವ್ಯತ್ಯಾಸವೇಕೆ? ಕಾಲಾವಧಿ ಬೇರೆ, ಬಂದರಿನ ಮಾಪಕವು ನೆಲಕ್ಕೆ ಹೋಲಿಸಿ ಕಡಲನ್ನು ಅಳೆಯುವುದರಿಂದ ನೆಲದ ಏರಿಳಿತವೂ ಅದರಲ್ಲಿ ಸೇರಿರುತ್ತದೆ. ಈ ಒಂದು ಪ್ರಶ್ನೆಯಿಂದ ಹುಟ್ಟುವ ತಿಳಿವಳಿಕೆ ಹತ್ತು ಪುಟಗಳ ಪಾಠದಿಂದ ಹುಟ್ಟಲಾರದು.

ಇನ್ನೊಂದು ಲೆಕ್ಕ. ಕೈಗಾರಿಕಾ ಯುಗಕ್ಕೆ ಮುನ್ನ ಸುಮಾರು 8.2 ಇದ್ದ ಸಮುದ್ರದ ಮೇಲ್ನೀರಿನ ಪಿಎಚ್ ಈಗ ಸುಮಾರು 8.1ಕ್ಕೆ ಇಳಿದಿದೆ. ನಾವು ಗಾಳಿಗೆ ಬಿಡುವ ಇಂಗಾಲದ ಡೈ ಆಕ್ಸೈಡಿನ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ‘ಬರಿಯ 0.1 ತಾನೆ’ ಎನ್ನುವ ವಿದ್ಯಾರ್ಥಿ ಲಾಗರಿತಂ ಕೋಷ್ಟಕವನ್ನು ತೆರೆಯಲಿ. ಹೈಡ್ರೋಜನ್ ಅಯಾನುಗಳು ಶೇಕಡಾ 26ರಷ್ಟು ಹೆಚ್ಚಿರುವುದನ್ನು ಅವನೇ ಕಂಡುಕೊಳ್ಳುವನು. ಹವಳಕ್ಕೂ ಚಿಪ್ಪಿನ ಜೀವಿಗಳಿಗೂ ಇದು ಅಲ್ಪವಲ್ಲ.

ಪಾಠಗಳ ಹೊರೆ ಈಗಲೇ ಹೆಚ್ಚು, ಇದಕ್ಕೆ ವೇಳೆಯೆಲ್ಲಿ ಎಂದು ಉಪಾಧ್ಯಾಯರು ಕೇಳುವುದು ನ್ಯಾಯವೇ. ಆದರೆ ಗ್ರಾಫನ್ನೂ ಲಾಗರಿತಮನ್ನೂ ಹೇಗಿದ್ದರೂ ಕಲಿಸಲೇಬೇಕು. ಕಲ್ಪಿತ ಅಂಕಿಗಳ ಬದಲು ಕಡಲಿನ ನಿಜವಾದ ಅಂಕಿಗಳಿಂದಲೇ ಕಲಿಸಬಾರದೇಕೆ?

ನಮ್ಮ ಕರಾವಳಿಯಲ್ಲಿ, ಉಳ್ಳಾಲದಂಥ ಊರುಗಳಲ್ಲಿ, ಕಡಲ್ಕೊರೆತವು ಮನೆಗಳನ್ನೇ ಕಬಳಿಸಿದೆ. ಅದಕ್ಕೆ ಅಲೆಗಳೆಷ್ಟು ಕಾರಣ, ಏರುವ ಮಟ್ಟವೆಷ್ಟು, ಮನುಷ್ಯನು ಕಟ್ಟಿದ ತಡೆಗೋಡೆಗಳೆಷ್ಟು ಎಂಬುದನ್ನು ನಾಳೆ ನಿರ್ಣಯಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಅಳತೆಯನ್ನು ಓದಬಲ್ಲವನು ಕೂಗಿಗೆ ಬೆದರುವುದಿಲ್ಲ, ಸುಳ್ಳು ಸಮಾಧಾನಕ್ಕೆ ಮರುಳಾಗುವುದೂ ಇಲ್ಲ. ಅಂಥವರನ್ನು ಸಿದ್ಧಗೊಳಿಸುವುದು ಶಾಲೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.