ಹುಬ್ಬಳ್ಳಿ–ಧಾರವಾಡ ಟ್ರಾಮ್ ಪ್ರಸ್ತಾವ: ಕವಲು ಮಾರ್ಗಗಳ ಹೋಲಿಕೆ

ಹುಬ್ಬಳ್ಳಿ–ಧಾರವಾಡ ಟ್ರಾಮ್ ಪ್ರಸ್ತಾವವು ಅವಳಿನಗರದ ತ್ವರಿತ ಬಸ್ ಸಾರಿಗೆಯ (ಬಿಆರ್‌ಟಿಎಸ್) ಪ್ರತ್ಯೇಕ ಪಥದಲ್ಲಿ ಹಳಿಗಳಿಲ್ಲದ, ವಿದ್ಯುತ್ ಚಾಲಿತ ಉದ್ದನೆಯ ವಾಹನಗಳನ್ನು ಓಡಿಸುವ ಯೋಜನೆಯಾಗಿದೆ. ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ್ ಲಾಡ್ ಅವರು ಮುಂದಿಟ್ಟ ಈ ಪ್ರಸ್ತಾವವು 'ಇ-ಆರ್‌ಟಿ' ಎಂಬ ಹೆಸರಿನಿಂದ ಚರ್ಚೆಯಲ್ಲಿದೆ. ಇದಕ್ಕೆ ಆಧಾರವಾಗಿರುವುದು ಸ್ವಿಟ್ಜರ್ಲೆಂಡಿನ ಹೆಸ್ ಕಂಪನಿಯ ತಂತ್ರಜ್ಞಾನ. ಮುಖ್ಯ ಪಥದಲ್ಲಿ ವಾಹನವನ್ನು ಬದಲಿಸುವ ಬಗ್ಗೆ ನಡೆದಷ್ಟು ಚರ್ಚೆ, ಆ ಪಥದಿಂದ ಹೊರಗಿರುವ ಬಡಾವಣೆಗಳಿಗೆ ಸೇವೆಯನ್ನು ವಿಸ್ತರಿಸುವ ಬಗ್ಗೆ ನಡೆದಿಲ್ಲ. ಆದರೆ ಯೋಜನೆಯ ಪ್ರಯೋಜನ ನಿರ್ಧಾರವಾಗುವುದು ಬಹುಮಟ್ಟಿಗೆ ಅಲ್ಲಿಯೇ.

ಹಿನ್ನೆಲೆ

ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಿಂದ ಒಂದೇ ನಗರಸಭಾಡಳಿತಕ್ಕೆ ಸೇರಿವೆ. ಎರಡರ ನಡುವಿನ ಅಂತರ ಸುಮಾರು 20 ಕಿ.ಮೀ. 'ಚಿಗರಿ' ಹೆಸರಿನ ಹವಾನಿಯಂತ್ರಿತ ಬಸ್ಸುಗಳು 2018ರ ಅಕ್ಟೋಬರ್ 2ರಂದು ಸಂಚಾರ ಆರಂಭಿಸಿದವು; ಔಪಚಾರಿಕ ಉದ್ಘಾಟನೆಯನ್ನು 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ನೆರವೇರಿಸಿದರು. ವಿಶ್ವಬ್ಯಾಂಕಿನ ನೆರವು ಪಡೆದ ಈ ಪಥದ ಉದ್ದ 22.25 ಕಿ.ಮೀ. ನಿಲ್ದಾಣಗಳು ರಸ್ತೆಯ ನಡುವೆ ಇವೆ. ಉಣಕಲ್, ಭೈರಿದೇವರಕೊಪ್ಪ, ನವನಗರ, ಸತ್ತೂರು, ನವಲೂರು ಮತ್ತು ವಿದ್ಯಾಗಿರಿಗಳ ಮೂಲಕ ಪಥವು ಧಾರವಾಡವನ್ನು ಸೇರುತ್ತದೆ. (ಈ ವಿದ್ಯಾಗಿರಿ ಮತ್ತು ನವನಗರಗಳು ಅವಳಿನಗರದ ಬಡಾವಣೆಗಳು. ಇದೇ ಹೆಸರಿನ ಎರಡು ಬಡಾವಣೆಗಳು ಬಾಗಲಕೋಟೆಯಲ್ಲಿಯೂ ಇರುವುದರಿಂದ ಓದುಗರು ಗೊಂದಲಕ್ಕೆ ಒಳಗಾಗುವುದುಂಟು.)

ಸೇವೆಯ ವೇಗಕ್ಕೆ ಮೆಚ್ಚುಗೆ ದೊರೆತಿದ್ದರೂ ಆಕ್ಷೇಪಗಳೂ ಇವೆ. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುವುದು ಅವುಗಳಲ್ಲಿ ಒಂದು. ನಡುವಿನ ಪಥ ಖಾಲಿಯಾಗಿರುವಾಗ ಪಕ್ಕದ ಪಥದಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ ಎಂಬುದು ಇನ್ನೊಂದು. ಈ ಎರಡನೆಯ ದೂರು ಅರ್ಧ ಮಾತ್ರ ಸರಿ: ಪ್ರತ್ಯೇಕ ಪಥವು ಖಾಲಿ ಕಾಣಿಸುವುದರಿಂದಲೇ ಅದರ ಮೇಲಿನ ಬಸ್ಸು ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಮೊದಲನೆಯದು ಚರಂಡಿಯ ಸಮಸ್ಯೆಯಾದ್ದರಿಂದ ಯಾವ ವಾಹನ ಬಂದರೂ ಅದು ಉಳಿಯುತ್ತದೆ.

ತಂತ್ರಜ್ಞಾನ

ಭಾರತದಲ್ಲಿ ಹಳಿಗಳ ಮೇಲಿನ ಟ್ರಾಮ್ ಉಳಿದಿರುವುದು ಕೋಲ್ಕತ್ತದಲ್ಲಿ ಮಾತ್ರ. ಧಾರವಾಡ ಜಿಲ್ಲೆಯು 1956ರವರೆಗೆ ಸೇರಿದ್ದ ಮುಂಬಯಿ ಪ್ರಾಂತ್ಯದ ರಾಜಧಾನಿಯಲ್ಲಿ ಟ್ರಾಮ್ ಸಂಚಾರವು 1964ರಲ್ಲಿ ನಿಂತಿತು. ಈಗ ಪ್ರಸ್ತಾಪಿತವಾಗಿರುವುದು ಆ ಬಗೆಯದಲ್ಲ. ಮೂಲತಃ ಇದು ರಬ್ಬರ್ ಗಾಲಿಗಳ ಬಹುಬೋಗಿ ಬಸ್ಸು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಓಡುತ್ತಿರುವ ಹೆಸ್ ವಾಹನದ ಉದ್ದ 24.4 ಮೀಟರ್. ಜಿನೀವಾದ 23ನೆಯ ಸಂಖ್ಯೆಯ ಮಾರ್ಗದಲ್ಲಿ ಕೆಲವು ನಿಲ್ದಾಣಗಳಲ್ಲಿ ಬಸ್ಸು ನಿಂತ ಕೆಲವೇ ಸೆಕೆಂಡುಗಳಲ್ಲಿ ವಿದ್ಯುತ್ ತುಂಬಿಸಿಕೊಂಡು ಹೊರಡುತ್ತದೆ. ಹಳಿ ಇಲ್ಲದ ಕಾರಣ ಕವಲು ಮಾರ್ಗಕ್ಕೆ ತಿರುಗುವುದು ಸುಲಭ. ಆದರೆ ನಡುವಿನ ನಿಲ್ದಾಣಗಳಿಗೆ ಬಲಬದಿಯ ಬಾಗಿಲು ಬೇಕು, ಸಾಮಾನ್ಯ ರಸ್ತೆಯಲ್ಲಿ ಎಡಬದಿಯದು. ಎರಡೂ ಬದಿಗೆ ಬಾಗಿಲುಗಳಿರುವ ವಾಹನ ಅಥವಾ ಹೊಸ ನಿಲ್ದಾಣಗಳು ಅನಿವಾರ್ಯವಾಗುತ್ತವೆ.

ಗೋಕುಲ ರಸ್ತೆ

ವಿಸ್ತರಣೆಗೆ ಯೋಗ್ಯವಾದ ದಿಕ್ಕುಗಳಲ್ಲಿ ಗೋಕುಲ ರಸ್ತೆಯು ಮೊದಲು ಗಮನ ಸೆಳೆಯುತ್ತದೆ. ಹೊಸ ಬಸ್ ನಿಲ್ದಾಣ, ಕೈಗಾರಿಕಾ ವಸಾಹತು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ವಿಮಾನ ನಿಲ್ದಾಣ ಎಲ್ಲವೂ ಈ ಒಂದೇ ರಸ್ತೆಯಲ್ಲಿವೆ. ವಿಮಾನ ನಿಲ್ದಾಣದ ಹೆಸರು ಪ್ರಸ್ತಾವಕ್ಕೆ ಆಕರ್ಷಣೆ ತರಬಹುದು. ದಿನನಿತ್ಯದ ಪ್ರಯಾಣಿಕರನ್ನು ಒದಗಿಸುವುದು ಬಸ್ ನಿಲ್ದಾಣ ಮತ್ತು ಕಾರ್ಖಾನೆಗಳು. ಬಾಗಲಕೋಟೆ, ಗದಗ, ಕೊಪ್ಪಳ ಕಡೆಗಳಿಂದ ಚಿಕಿತ್ಸೆಗೆ ಬರುವವರು ಬಹಳ. ಅವರು ತಲುಪಬೇಕಾದ, ಜನರು ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯೂ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯೂ ಮುಖ್ಯ ಪಥದಲ್ಲಿಯೇ ಇವೆ. ಗಂಟು ಮೂಟೆ ಹಿಡಿದು ಆಟೋ ಹುಡುಕುವ ರೋಗಿಗೆ ಈ ಜೋಡಣೆ ಉಪಕಾರಿಯಾದೀತು. ತೊಡಕೆಂದರೆ ರಸ್ತೆಯ ಎರಡೂ ಬದಿಯ ಅಂಗಡಿ ಮುಂಗಟ್ಟುಗಳು. ಪ್ರತ್ಯೇಕ ಪಥಕ್ಕೆ ಜಾಗ ಬಿಡಿಸದೆ ಇಲ್ಲಿ ಉದ್ದನೆಯ ವಾಹನವನ್ನು ತಂದರೆ ಅದು ದಟ್ಟಣೆಯಲ್ಲಿ ಸಿಲುಕಿಕೊಳ್ಳುವ ಮತ್ತೊಂದು ಬಸ್ಸಾಗುತ್ತದೆ.

ಧಾರವಾಡದಿಂದ ಬೆಳಗಾವಿ ದಿಕ್ಕು

ಧಾರವಾಡದಾಚೆ ಬೆಳಗಾವಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯ, ಮುಂದೆ ಬೇಲೂರು ಕೈಗಾರಿಕಾ ಪ್ರದೇಶದ ಕಡೆಗೆ ಉಚ್ಚ ನ್ಯಾಯಾಲಯದ ಪೀಠ ಇವೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಈ ಪೀಠದ ವ್ಯಾಪ್ತಿಯಲ್ಲಿ ಬಾಗಲಕೋಟೆ, ಬೆಳಗಾವಿ, ಬಳ್ಳಾರಿ, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳಿವೆ. ಇಳಕಲ್ಲಿನ ಅಥವಾ ಹುನಗುಂದದ ಕಕ್ಷಿದಾರನು ಬೆಳಗಿನ ಕಲಾಪಕ್ಕೆ ಧಾರವಾಡ ತಲುಪಿದರೂ ಚಿಗರಿಯ ಪಥ ಊರೊಳಗೇ ಮುಗಿದಿರುತ್ತದೆ. ಆದ್ದರಿಂದ ಈ ದಿಕ್ಕಿನ ಅಗತ್ಯವನ್ನು ಅವಳಿನಗರದ ಜನಸಂಖ್ಯೆಯಿಂದ ಮಾತ್ರ ಅಳೆಯುವುದು ಸರಿಯಲ್ಲ. ಆದರೂ ಇಲ್ಲಿನ ಪ್ರಯಾಣ ಬೆಳಿಗ್ಗೆ ಮತ್ತು ಸಂಜೆಗೆ ಸೀಮಿತ, ನಡುವೆ ವಸತಿ ವಿರಳ. ದುಬಾರಿ ಪಥವನ್ನು ಕೃಷಿ ವಿಶ್ವವಿದ್ಯಾಲಯದವರೆಗೆ ನಿರ್ಮಿಸಿ, ಅಲ್ಲಿಂದ ಮುಂದಕ್ಕೆ ನ್ಯಾಯಾಲಯದ ವೇಳೆಗೆ ಹೊಂದುವ ಬಸ್ಸುಗಳನ್ನು ಬಿಡುವುದು ಹೆಚ್ಚು ಮಿತವ್ಯಯಕರ.

ಇತರ ದಿಕ್ಕುಗಳು

ಚಿಕ್ಕಮಲ್ಲಿಗವಾಡದ ಐಐಟಿ ಆವರಣವು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ವಿದ್ಯಾರ್ಥಿಗಳು ಆವರಣದಲ್ಲೇ ವಾಸಿಸುವುದರಿಂದ ಅಲ್ಲಿಗೆ ಸಾಮಾನ್ಯ ಬಸ್ಸು ಸಾಕು. ಕರ್ನಾಟಕ ವಿಶ್ವವಿದ್ಯಾಲಯದ ಸ್ಥಿತಿ ಬೇರೆ. ನಗರದಲ್ಲೇ ಮನೆ ಮಾಡಿಕೊಂಡ ಸಿಬ್ಬಂದಿಯೂ ಅಲ್ಲಿಂದಲೇ ಬರುವ ವಿದ್ಯಾರ್ಥಿಗಳೂ ದಿನವೂ ಓಡಾಡುತ್ತಾರೆ.

ಹಳೇ ಹುಬ್ಬಳ್ಳಿಯಲ್ಲಿ ಜನದಟ್ಟಣೆ ಇದೆ, ಸಿದ್ಧಾರೂಢ ಮಠಕ್ಕೆ ಬರುವ ಭಕ್ತರ ಸಂಖ್ಯೆಯೂ ದೊಡ್ಡದು. ಆದರೆ ಅಲ್ಲಿನ ಓಣಿಗಳಲ್ಲಿ 24 ಮೀಟರ್ ಉದ್ದದ ವಾಹನ ತಿರುಗಲಾರದು. ಅಲ್ಲಿಗೆ ಬೇಕಾಗಿರುವುದು ಮುಖ್ಯ ಪಥದ ಚೀಟಿಯಲ್ಲೇ ಹತ್ತಬಹುದಾದ, ಪದೇ ಪದೇ ಬರುವ ಚಿಕ್ಕ ಬಸ್ಸು. ಇದಕ್ಕೆ ಟ್ರಾಮ್ ಬರುವವರೆಗೆ ಕಾಯಬೇಕಾಗಿಲ್ಲ.